ಕೊಯ್ಯುವ ಮೊದಲಿನ ಅರಿವು: ಎಂಆರ್‌ಐ ಮತ್ತು ಪ್ರಾಮಾಣ್ಯದ ಪ್ರಶ್ನೆ

ಯಕೃತ್ತಿನ ಕ್ಯಾನ್ಸರನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಎಂಆರ್‌ಐ ಸ್ಕ್ಯಾನಿಂಗ್‌ನಿಂದ ನಿರ್ಣಯಿಸುವುದು ವೈದ್ಯಕೀಯದ ವಿಷಯವಾದಂತೆ ಜ್ಞಾನಮೀಮಾಂಸೆಯ ವಿಷಯವೂ ಹೌದು. ಹೊಟ್ಟೆ ತೆರೆದಿಲ್ಲ, ಸೂಜಿ ಹಾಕಿ ತುಣುಕು ತೆಗೆದಿಲ್ಲ. ಆದರೂ ವೈದ್ಯರು ಇದು ಕ್ಯಾನ್ಸರೇ ಎಂದು ಬರೆದು, ಯಕೃತ್ತಿನ ಒಂದು ಭಾಗವನ್ನೇ ತೆಗೆಯಲು ಮುಂದಾಗುತ್ತಾರೆ. ಆ ಅರಿವು ಎಂಥದು? ಅದು ನಿಜವೆಂದು ಒಪ್ಪಲು ಇನ್ನೊಂದು ಅರಿವಿನ ಬೆಂಬಲ ಬೇಕೆ? ಈ ಪ್ರಶ್ನೆಯ ಆಳಕ್ಕಿಳಿದ ಒಂದು ಪರಂಪರೆ, ಮಧ್ವರ ದ್ವೈತ, ಚನ್ನಪಟ್ಟಣ ತಾಲ್ಲೂಕಿನ ನೆಲದೊಡನೆ ನಂಟುಳ್ಳದ್ದು. ಅಲ್ಲಿನ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಅವರ ಶಿಷ್ಯರಾದ ವ್ಯಾಸತೀರ್ಥರು (1460–1539) ‘ತರ್ಕತಾಂಡವ’ದಲ್ಲಿ, ಜ್ಞಾನದ ಪ್ರಾಮಾಣ್ಯ (ಅದು ನಿಜವೆಂಬುದು) ಸ್ವತಃ ತಿಳಿಯುತ್ತದೋ ಪರತಃ (ಬೇರೊಂದರಿಂದ) ತಿಳಿಯುತ್ತದೋ ಎಂಬುದನ್ನು ಹಿಡಿದು ನ್ಯಾಯದರ್ಶನದ ನೈಯಾಯಿಕರೊಡನೆ ವಾದ ಹೂಡಿದರು.

ಇರುವ ವಸ್ತುವೂ ಏಕೆ ಕಾಣುವುದಿಲ್ಲ ಎಂಬುದಕ್ಕೆ ಚರಕಸಂಹಿತೆ ಕಾರಣಗಳನ್ನು ಕೊಡುತ್ತದೆ: ತೀರ ಹತ್ತಿರ ಅಥವಾ ತೀರ ದೂರ ಇರುವುದು, ಮರೆಯಾಗಿರುವುದು, ಇಂದ್ರಿಯ ಸೋತಿರುವುದು, ಮನಸ್ಸು ಬೇರೆಡೆ ಇರುವುದು, ತನ್ನಂಥದರೊಡನೆ ಬೆರೆತಿರುವುದು, ಬೇರೊಂದು ಮುಚ್ಚಿಹಾಕುವುದು, ತೀರ ಸಣ್ಣದಾಗಿರುವುದು. ಪಕ್ಕೆಲುಬಿನ ಮರೆಯಲ್ಲಿ, ಗಂಟುಗಟ್ಟಿದ ಯಕೃತ್ತಿನ ನಡುವೆ ಬೆಳೆಯುವ ಗಡ್ಡೆಗೆ ಇವುಗಳಲ್ಲಿ ಹಲವು ಒಟ್ಟಿಗೇ ಅನ್ವಯಿಸುತ್ತವೆ. ಎಂಆರ್‌ಐ ಮೊದಲು ತೆಗೆಯುವುದು ಮರೆಯನ್ನು. ಪ್ರಬಲವಾದ ಕಾಂತಕ್ಷೇತ್ರ, ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ, ದೇಹದೊಳಗಿನ ಜಲಜನಕದ ಬೀಜಕಣಗಳನ್ನು ಅಣಿಗೊಳಿಸುತ್ತದೆ. ರೇಡಿಯೊ ತರಂಗ ಅವುಗಳನ್ನು ಕದಲಿಸುತ್ತದೆ. ಅವು ಮರಳಿ ಕೊಡುವ ಸಂಕೇತಗಳಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಎಕ್ಸ್‌ರೇ, ಸಿ.ಟಿ.ಗಳ ವಿಕಿರಣ ಇಲ್ಲಿಲ್ಲ. ಆದರೆ ರೋಗಿ ಉಸಿರು ಬಿಗಿಹಿಡಿಯದಿದ್ದರೆ ಚಿತ್ರ ಕದಡುತ್ತದೆ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಯ ಬಗ್ಗೆ ಖಚಿತವಾಗಿ ಹೇಳುವುದು ಕಷ್ಟ. ಓದುವವರ ಮನಸ್ಸು ಬೇರೆಡೆ ಇದ್ದರೆ ಅದಕ್ಕೆ ಯಂತ್ರದಲ್ಲಿ ಮದ್ದಿಲ್ಲ.

ಹೀಗೆ ಕಂಡದ್ದು ಕ್ಯಾನ್ಸರ್ ಅಲ್ಲ, ಅದರ ಲಿಂಗ, ಅಂದರೆ ಗುರುತು. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ಅಭಿಧಮನಿಯದು. ಯಕೃತ್ತಿನದೇ ಜೀವಕೋಶಗಳಲ್ಲಿ ಹುಟ್ಟಿದ ಕ್ಯಾನ್ಸರ್ ಮಾತ್ರ ಬಹುಪಾಲು ಅಪಧಮನಿಯ ರಕ್ತವನ್ನು ಹೀರಿ ಬೆಳೆಯುತ್ತದೆ. ಆದ್ದರಿಂದ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಔಷಧಿ ಕೊಟ್ಟಾಗ ಗಡ್ಡೆ ಮೊದಲು ಸುತ್ತಲಿನ ಭಾಗಕ್ಕಿಂತ ಹೆಚ್ಚು ಬೆಳಗುತ್ತದೆ, ಆಮೇಲೆ ಅದಕ್ಕಿಂತ ಬೇಗ ಮಂಕಾಗುತ್ತದೆ. ಕೆಲವು ಬಗೆಯ ಔಷಧಿಯನ್ನು ಆರೋಗ್ಯವಂತ ಕೋಶಗಳು ಒಳಗೆಳೆದುಕೊಳ್ಳುವುದರಿಂದ, ಸುಮಾರು 20 ನಿಮಿಷದ ನಂತರ ಯಕೃತ್ತು ಬೆಳ್ಳಗೆ, ಗಡ್ಡೆ ಹೆಚ್ಚಾಗಿ ಕಪ್ಪಗೆ ಕಾಣುತ್ತದೆ.

ಈ ಗುರುತುಗಳಿಂದ ಕ್ಯಾನ್ಸರನ್ನು ತಿಳಿಯುವುದು ಅನುಮಾನ ಪ್ರಮಾಣ. ಅದರ ಬಲವೆಲ್ಲ ವ್ಯಾಪ್ತಿಯಲ್ಲಿದೆ; ಎಂದರೆ, ಗುರುತು ಇದ್ದಲ್ಲೆಲ್ಲ ರೋಗವೂ ಇದ್ದೇ ಇರಬೇಕು. ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆಂದಿಲ್ಲ, ಹಸಿ ಕಟ್ಟಿಗೆಯೂ ಸೇರಿರಬೇಕು ಎಂದು ನೈಯಾಯಿಕರು ಉಪಾಧಿಯನ್ನು, ಅಂದರೆ ಜೊತೆಗಿರಬೇಕಾದ ಷರತ್ತನ್ನು, ವಿವರಿಸುತ್ತಾರೆ. ಎಂಆರ್‌ಐ ಓದಿನಲ್ಲಿ ಆ ಹಸಿ ಕಟ್ಟಿಗೆಯ ಸ್ಥಾನ ಸಿರೋಸಿಸ್ (ಯಕೃತ್ತು ಗಂಟುಗಟ್ಟಿ ಗಡುಸಾಗುವುದು) ಅಥವಾ ದೀರ್ಘಕಾಲದ ಹೆಪಟೈಟಿಸ್-ಬಿ ಸೋಂಕಿನದು. ಅಮೆರಿಕದ ರೇಡಿಯಾಲಜಿ ಕಾಲೇಜು 2011ರಲ್ಲಿ ಮೊದಲು ಪ್ರಕಟಿಸಿದ, ಗಡ್ಡೆಗೆ ಕ್ಯಾನ್ಸರ್ ಸಾಧ್ಯತೆಯ ದರ್ಜೆ ಕೊಡುವ ಲೈ-ರ್‍ಯಾಡ್ಸ್ ಶ್ರೇಣಿ ಇಂಥ ಹೆಚ್ಚಿನ ಅಪಾಯವುಳ್ಳ ವಯಸ್ಕರಿಗೆ ಮಾತ್ರ ಅನ್ವಯಿಸುತ್ತದೆ. ಅವರಲ್ಲಿ ‘ಖಚಿತವಾಗಿ ಕ್ಯಾನ್ಸರ್’ ಎಂಬ ಐದನೆಯ ದರ್ಜೆ ಬಂದರೆ ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆಗೆ ಹೋಗಬಹುದು. ಆರೋಗ್ಯವಂತ ಯಕೃತ್ತಿನಲ್ಲಿ ಅದೇ ಬೆಳಗು ಕಂಡರೆ ಅದು ನಿರುಪದ್ರವಿ ಗಂಟೂ ಆಗಿರಬಹುದು. ಉಪಾಧಿಯನ್ನು ಮರೆತು ಗುರುತನ್ನಷ್ಟೇ ಹಿಡಿದರೆ ಅದು ಹೇತ್ವಾಭಾಸ, ಅಂದರೆ ಹುಸಿ ಕಾರಣ. ಇಲ್ಲಿ ಆ ತಪ್ಪಿನ ಬೆಲೆ ಮನುಷ್ಯನ ಯಕೃತ್ತು.

ಇಷ್ಟಾದರೂ ಬಯಾಪ್ಸಿಯೇ ಕೊನೆಯ ಮಾತಲ್ಲವೇ ಎಂಬ ಆಕ್ಷೇಪ ಉಳಿಯುತ್ತದೆ. ಇದು ಪರತಃ ಪ್ರಾಮಾಣ್ಯದ ನಿಲುವು: ಅರಿವು ಸರಿಯೆಂಬುದು ಅದರಿಂದ ನಡೆದ ಕೆಲಸ ಫಲಿಸಿದ ಮೇಲೆ ತಿಳಿಯುತ್ತದೆ. ನೀರು ಕಂಡವನು ಕುಡಿದು ನೋಡಬಹುದು. ಕ್ಯಾನ್ಸರ್ ಕಂಡ ವೈದ್ಯ ಯಕೃತ್ತು ಕೊಯ್ದು ನೋಡುತ್ತೇನೆ ಎನ್ನಲಾಗದು. ದ್ವೈತಿಗಳ ಉತ್ತರ ಇನ್ನೂ ಮುಂದೆ ಹೋಗುತ್ತದೆ. ಪ್ರತಿಯೊಂದು ಅರಿವಿಗೂ ಇನ್ನೊಂದು ಅರಿವೇ ಆಧಾರವಾದರೆ ಅನವಸ್ಥೆ, ಅಂದರೆ ಕೊನೆಯಿಲ್ಲದ ಸರಪಳಿ, ತಪ್ಪದು. ಬಯಾಪ್ಸಿಯೂ ಅಂಥದೇ ಇನ್ನೊಂದು ಅರಿವು: ಸೂಜಿ ಗಡ್ಡೆಯ ಪಕ್ಕದ ಭಾಗವನ್ನು ತರಬಹುದು. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶ ಹರಡುವ, ರಕ್ತ ಸೋರುವ ಅಪಾಯ ಚಿಕ್ಕದಾದರೂ ಇದೆ. ತುಣುಕನ್ನು ಓದುವ ಪೆಥಾಲಜಿ ವೈದ್ಯರೂ ಗುರುತುಗಳಿಂದಲೇ ತೀರ್ಮಾನಿಸುತ್ತಾರೆ. ಮಧ್ವ ಸಂಪ್ರದಾಯದಲ್ಲಿ ನಿರ್ದೋಷವಾದ ಅರಿವಿನ ಪ್ರಾಮಾಣ್ಯವನ್ನು ಸಾಕ್ಷಿಯೇ, ಅಂದರೆ ಅರಿಯುವ ಆತ್ಮದ ಸ್ವಂತ ಇಂದ್ರಿಯವೇ, ಗ್ರಹಿಸುತ್ತದೆ. ದೋಷದ ಶಂಕೆ ಬಂದಲ್ಲಿ ಮಾತ್ರ ಪರೀಕ್ಷೆ ಬೇಕು. ಕ್ಯಾನ್ಸರ್ ಆಸ್ಪತ್ರೆಯ ನಡವಳಿಕೆ ಇದಕ್ಕೆ ಹತ್ತಿರ: ಐದನೆಯ ದರ್ಜೆಗೆ ಬಯಾಪ್ಸಿ ಕಡ್ಡಾಯವಲ್ಲ; ಮೂರು, ನಾಲ್ಕರಲ್ಲಿ ಮರುಸ್ಕ್ಯಾನ್, ತಜ್ಞರ ಚರ್ಚೆ, ಬೇಕಾದರೆ ಬಯಾಪ್ಸಿ. ಈ ನಡವಳಿಕೆ ತರ್ಕದಲ್ಲೂ ಸರಿ, ಕರುಣೆಯಲ್ಲೂ ಸರಿ.

ರೋಗಿಯ ಪಾಲಿಗೆ ಈ ಅರಿವು ಅನುಮಾನವೂ ಅಲ್ಲ, ಶಬ್ದ ಪ್ರಮಾಣ, ಅಂದರೆ ನಂಬತಕ್ಕವರ ಮಾತಿನಿಂದ ಬಂದದ್ದು. ಮಾಗಡಿ, ಕನಕಪುರ, ರಾಮನಗರಗಳಿಂದ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ರೇಷ್ಮೆ ಬೆಳೆಗಾರನೋ ಚನ್ನಪಟ್ಟಣದ ಬೊಂಬೆ ಕೆಲಸಗಾರನೋ ಚಿತ್ರವನ್ನು ತಾನೇ ಓದಲಾರ. ವೈದ್ಯರ ಮಾತನ್ನು ನಂಬಿ ಸಹಿ ಹಾಕುತ್ತಾನೆ. ಆಪ್ತ ಎಂದರೆ ವಿಷಯವನ್ನು ಇದ್ದಂತೆ ಬಲ್ಲವನು, ಇದ್ದಂತೆ ಹೇಳಬಯಸುವವನು. ‘ಬಹುಶಃ ಕ್ಯಾನ್ಸರ್’ ಎಂಬ ನಾಲ್ಕನೆಯ ದರ್ಜೆಯನ್ನು ಐದೆಂಬಂತೆ ಹೇಳಿದರೆ ಆ ಮಾತು ಆಪ್ತವಾಕ್ಯವಾಗದು. ‘ಬಹುಶಃ’ ಎಂಬುದು ರಿಪೋರ್ಟಿನಲ್ಲಿದ್ದರೆ ಅದು ಕನ್ನಡದಲ್ಲಿ ಮನೆಯವರ ಕಿವಿಗೂ ತಲುಪಬೇಕು.

ಶಸ್ತ್ರಚಿಕಿತ್ಸೆಯ ಯೋಜನೆಗೆ ಎಂಆರ್‌ಐ ಇನ್ನೂ ಕೆಲವನ್ನು ತಿಳಿಸುತ್ತದೆ: ಗಡ್ಡೆಗಳೆಷ್ಟು, ಅವು ದೊಡ್ಡ ರಕ್ತನಾಳಗಳೊಳಗೆ ಹೊಕ್ಕಿವೆಯೇ, ತೆಗೆದ ಮೇಲೆ ಎಷ್ಟು ಯಕೃತ್ತು ಉಳಿಯುತ್ತದೆ. ಸಿರೋಸಿಸ್ ಇದ್ದವರಲ್ಲಿ ಸುಮಾರು ಶೇಕಡಾ 40ರಷ್ಟು ಉಳಿಯಬೇಕೆಂಬುದು ರೂಢಿಯ ಮಿತಿ. ಸೂಕ್ಷ್ಮ ರಕ್ತನಾಳಗಳಿಗೆ ಕ್ಯಾನ್ಸರ್ ಹಬ್ಬಿದೆಯೇ ಎಂಬುದು ಮಾತ್ರ ನೇರವಾಗಿ ಕಾಣುವುದಿಲ್ಲ. ಗಡ್ಡೆಯ ಅಂಚು ಒರಟಾಗಿದ್ದರೆ, 20 ನಿಮಿಷದ ನಂತರದ ಚಿತ್ರದಲ್ಲಿ ಅದರ ಸುತ್ತ ಕಪ್ಪು ಹರಡಿದ್ದರೆ ಶಂಕಿಸಬಹುದು. ಈ ಗುರುತುಗಳ ವ್ಯಾಪ್ತಿ ಇನ್ನೂ ಸಡಿಲ. ಹಬ್ಬಿದೆಯೇ ಎಂಬುದರ ನಿರ್ಣಯ, ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ.