ಗಣಿ ಮುಚ್ಚಿದ ಮೇಲೂ ಉಳಿಯುವ ಕಾಯಕ

ಪದವಿ ಮುಗಿಯುವ ಮೊದಲೇ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್ ಹಿಡಿಯಬೇಕೆಂಬ ಬಯೋಟೆಕ್ನಾಲಜಿ ಎಂಜಿನಿಯರಿಂಗ್ ವಿದ್ಯಾರ್ಥಿಯ ತವಕದ ಅಡಿಯಲ್ಲಿ ಹಳೆಯ ಧಾರ್ಮಿಕ ಪ್ರಶ್ನೆಯೊಂದಿದೆ: ದುಡಿಮೆ ಸೇರುವುದು ಸಂಬಳ ಕೊಡುವವರಿಗೋ, ದುಡಿಯುವವರಿಗೋ, ಅದು ನೀಗಿಸುವ ಕೊರತೆಗೋ? ಈ ಪ್ರಶ್ನೆಯನ್ನು ಕೋಲಾರ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಷ್ಟು ಕಟುವಾಗಿ ಎದುರಿಸಿದ ಊರುಗಳು ಕರ್ನಾಟಕದಲ್ಲಿ ವಿರಳ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕಿಳಿದವು. ಕೊನೆಗೆ ಅವುಗಳನ್ನು ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಆ ಆಳದ ಕಾವು, ಬಂಡೆ ಸಿಡಿತಗಳ ನಡುವೆ ತಲೆಮಾರುಗಳು ಗಳಿಸಿದ ಅನುಭವಕ್ಕೆ ಹತ್ತಿರದಲ್ಲೆಲ್ಲೂ ಬೇರೆ ಗಿರಾಕಿ ಇರಲಿಲ್ಲ. ಗಣಿ ಕುಟುಂಬಗಳ ಮಕ್ಕಳು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವಂತಾಯಿತು. ಅವರ ಹಿರಿಯರ ಕೌಶಲ ಕಡಿಮೆಯದಾಗಿರಲಿಲ್ಲ. ಅದು ಒಬ್ಬನೇ ಧಣಿಗೆ ಕಟ್ಟಿಹಾಕಲ್ಪಟ್ಟಿತ್ತು.

ಇದೇ ಪ್ರಶ್ನೆಗೆ ಉತ್ತರವಾಗಿ ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು, ಗಳಿಸಿದ್ದನ್ನು ಹಂಚುವ ದಾಸೋಹದ ಜೊತೆಗಿಟ್ಟು ನೋಡಿದರು. ಅವರಲ್ಲೊಬ್ಬನಾದ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಕಳಿಸಿದಳೆಂಬ ಕಥೆ ಗಳಿಕೆಯನ್ನು ಹಳಿಯುವುದಿಲ್ಲ. ಗಳಿಸಿದ್ದು ಯಾವ ಅಗತ್ಯಕ್ಕೆ ಸಲ್ಲುತ್ತದೆ ಎಂದು ಕೇಳುತ್ತದೆ. ಅನುಭವವೂ ಒಂದು ಗಳಿಕೆಯೇ. ಔಷಧ ಕಂಪನಿಯ ಹುದುಗು ಘಟಕದಲ್ಲಿ ಒಂದು ಯಂತ್ರದ ಗುಂಡಿಗಳನ್ನಷ್ಟೇ ಕಲಿತವರ ಅನುಭವ ಆ ಯಂತ್ರದೊಂದಿಗೇ ಹಳತಾಗುತ್ತದೆ. ಬ್ಯಾಚ್ ಏಕೆ ಕೆಟ್ಟಿತು, ಶುದ್ಧತೆಯನ್ನು ಹೇಗೆ ಸಾಬೀತುಪಡಿಸಬೇಕು, ದಾಖಲೆಯನ್ನು ಏಕೆ ತಿದ್ದಬಾರದು ಎಂದು ಅರಿತವರು ಎಲ್ಲಿ ಹೋದರೂ ಕೆಲಸಕ್ಕೆ ಬರುತ್ತಾರೆ. ಅಂಥ ಅರಿವಿನ ಅಗತ್ಯ ಕೆಜಿಎಫ್ ಇರುವ ಕೋಲಾರ ಜಿಲ್ಲೆಯಲ್ಲೇ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಶುದ್ಧೀಕರಣದ ಬಳಿಕ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತವೂ ಬೇಕೆಂಬ ಬೇಡಿಕೆ ಇದೆ. ಶುದ್ಧೀಕರಣ ಘಟಕದಲ್ಲಿ ದುಡಿಯುವುದು ಬ್ಯಾಕ್ಟೀರಿಯಾ, ಅವುಗಳನ್ನು ಪಳಗಿಸುವುದು ಬಯೋಟೆಕ್ನಾಲಜಿ ವಿದ್ಯಾರ್ಥಿಗಳ ಶಾಸ್ತ್ರ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ, ಕೆಜಿಎಫ್‌ನ ಸೈನೈಡ್ ದಿಬ್ಬಗಳ ಧೂಳನ್ನು ಹಸಿರಿನಿಂದ ಹಿಡಿದಿಡುವುದೂ ಇದೇ ಶಾಸ್ತ್ರಕ್ಕೆ ಸೇರಿದ ಕೆಲಸ.

ಫಲದ ಲೆಕ್ಕ ಹಾಕಿ ಬದುಕನ್ನು ಯೋಜಿಸುವುದೇ ಭಗವದ್ಗೀತೆಯ ನಿಷ್ಕಾಮ ಕರ್ಮಕ್ಕೆ ವಿರೋಧವಲ್ಲವೇ ಎಂಬ ಆಕ್ಷೇಪ ಬರಬಹುದು. ಗೀತೆ ಬಿಡಹೇಳುವುದು ಫಲದ ಮೇಲಿನ ಹಕ್ಕನ್ನು, ಮುಂದಾಲೋಚನೆಯನ್ನಲ್ಲ; ಎಚ್ಚರವಿಲ್ಲದ ಕರ್ಮವನ್ನು ಅದು ಎಲ್ಲೂ ಹೊಗಳುವುದಿಲ್ಲ. ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು: ಶುಲ್ಕದ ಸಾಲ ಹೊತ್ತ ಮನೆಯ ಮಗಳಿಗೆ ಇಂಥ ಆಯ್ಕೆ ಎಲ್ಲಿದೆ, ಸಂಬಳ ಕೊಟ್ಟಲ್ಲಿಗೆ ಹೋಗಲೇಬೇಕಲ್ಲ? ಹೋಗಲಿ. ಕಾಯಕದ ತತ್ವ ಕೂಲಿಯನ್ನು ತುಚ್ಛವೆಂದು ಎಣಿಸಿಲ್ಲ, ಬಡತನವನ್ನು ವ್ರತವಾಗಿಸಿಯೂ ಇಲ್ಲ. ಆದರೆ ಕಂಪನಿ ಮುಚ್ಚಿದಾಗ ಕುಸಿಯುವುದು ಬೇರೆ ಆಸರೆಯಿಲ್ಲದ ಮನೆಯೇ ಆದ್ದರಿಂದ, ಇಕ್ಕಟ್ಟಾದ ಅನುಭವದ ಬೆಲೆ ತೆರುವವರೂ ಬಡವರೇ. ಉಳ್ಳವರಿಗೆ ಎರಡನೇ ಅವಕಾಶ ಸಿಗುತ್ತದೆ. ಆದ್ದರಿಂದ ಸಾಲವಿರುವ ವಿದ್ಯಾರ್ಥಿಯೇ ಇಂಟರ್ನ್‌ಶಿಪ್ ಒಪ್ಪುವ ಮುನ್ನ ಹೆಚ್ಚು ಖಚಿತವಾಗಿ ವಿಚಾರಿಸಬೇಕು: ಇಲ್ಲಿ ಕಲಿಯುವುದು ಈ ಗೇಟಿನ ಆಚೆಗೂ ಬದುಕುವ ವಿದ್ಯೆಯೇ, ಅದರಿಂದ ಯಾರ ಕೊರತೆ ನೀಗುತ್ತದೆ? ಇದಕ್ಕೆ ಉತ್ತರ ಸಿಕ್ಕ ಕಡೆ ಉದ್ಯೋಗದ ಯೋಜನೆಗೂ ಧರ್ಮಕ್ಕೂ ಜಗಳವಿಲ್ಲ.