ಜೇನು ತೊರೆದವರ ಹೂದೋಟ

ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಗೂಡಿನಿಂದ ತಾನಾಗಿ ಸೋರಿದ ಜೇನನ್ನು ಸೇವಿಸಿದರೂ ಹಿಂಸಾದೋಷ ತಪ್ಪದೆಂದು ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎಚ್ಚರಿಸಿದ್ದಾರೆ. ಆದರೆ ಜೇನನ್ನು ತೊರೆದ ಮಾತ್ರಕ್ಕೆ ಜೇನುನೊಣದೊಡನೆ ಶ್ರಾವಕನ ಸಂಬಂಧ ಮುಗಿಯಿತೆ?

ಸಿರಿಮನೆ ಜಲಪಾತವಿರುವ ಶೃಂಗೇರಿ ಸೀಮೆ, ನೆರೆಯ ಕೊಪ್ಪ, ಸಿಂಹನಗದ್ದೆಯ ಶ್ರೀ ಜ್ವಾಲಾಮಾಲಿನಿ ಕ್ಷೇತ್ರದಿಂದ ಪುನೀತವಾದ ನರಸಿಂಹರಾಜಪುರ, ಈ ಮಲೆನಾಡಿನ ಬದುಕೇ ಆ ಪ್ರಶ್ನೆಗೆ ಉತ್ತರ ಹೇಳುತ್ತದೆ. ಇಲ್ಲಿಯ ಏಲಕ್ಕಿ ಕಾಯಿಕಟ್ಟುವುದು ಬಹುಪಾಲು ಜೇನುನೊಣಗಳಿಂದ. ರೊಬಸ್ಟಾ ಕಾಫಿಯ ಹೂವಿಗೂ ಬೇರೊಂದು ಗಿಡದ ಪರಾಗ ಬೇಕು. ಜೇನಿನ ಹನಿಯನ್ನು ಮುಟ್ಟದವನೂ ನೊಣದ ದುಡಿಮೆಯನ್ನು ಉಣ್ಣುತ್ತಿದ್ದಾನೆ. ಕಾಫಿಯ ಹೂವಾದರೋ ಕೆಲವೇ ದಿನಗಳದು. ಅನಂತರದ ಮಳೆಗಾಲದಲ್ಲಿ ನೊಣಗಳಿಗೆ ಆಹಾರ ವಿರಳ. ೧೯೯೧-೯೨ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ರೋಗವು ಅಸಂಖ್ಯ ತುಡುವೆ ಜೇನಿನ ಕುಟುಂಬಗಳನ್ನು ಅಳಿಸಿತು. ಜೀವಗಳು ಪರಸ್ಪರ ಉಪಕಾರಿಗಳೆಂದು ತತ್ತ್ವಾರ್ಥಸೂತ್ರ ಸಾರುತ್ತದೆ. ಉಪಕಾರ ಪಡೆದವನಿಗೆ ಋಣವೂ ಉಂಟು.

ಈ ಋಣ ತೀರಿಸಲು ಮನೆಯ ಹಿತ್ತಲಿನಲ್ಲಿ, ಬಸದಿಯ ಅಂಗಳದಲ್ಲಿ ತುಳಸಿ, ಲಕ್ಕಿಯಂತಹ ಈ ನೆಲದ ಬಹುವಾರ್ಷಿಕ ಸುಗಂಧ ಸಸ್ಯಗಳನ್ನು ಬೆಳೆಸಬಹುದು. ಇಲ್ಲಿ ಆಕ್ಷೇಪವೊಂದು ಏಳುತ್ತದೆ. ನೆಲ ಅಗೆಯುವುದು, ನೀರೆರೆಯುವುದು ಏಕೇಂದ್ರಿಯ ಜೀವಗಳಿಗೆ ಬಾಧೆಯಲ್ಲವೆ? ಆಚಾರ್ಯ ಸಮಂತಭದ್ರರು ನಿಷ್ಪ್ರಯೋಜಕವಾಗಿ ನೆಲ, ನೀರುಗಳನ್ನು ಕದಡುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಆಕ್ಷೇಪ ಸುಳ್ಳಲ್ಲ. ಶೋಭೆಗಾಗಿ ವರ್ಷವರ್ಷವೂ ಕಿತ್ತು ನೆಡುವ ತೋಟಕ್ಕೆ ಅದು ಚೆನ್ನಾಗಿ ಸಲ್ಲುತ್ತದೆ. ಒಮ್ಮೆ ಬೇರೂರಿ ಹಲವು ವರ್ಷ ಹೂಬಿಡುವ ಗಿಡದಲ್ಲಿ ಆರಂಭ ಅಲ್ಪ, ಆಶ್ರಯ ದೀರ್ಘ. ಗೃಹಸ್ಥನು ಆರಂಭದಿಂದ ಪೂರ್ಣ ಮುಕ್ತನಾಗಲಾರ. ಅದನ್ನು ಅಲ್ಪವೂ ಸಾರ್ಥಕವೂ ಆಗುವಂತೆ ನಡೆಸಬಲ್ಲ.

ಬೀಜದಿಂದ ಬೆಳೆಸುವುದರಲ್ಲಿಯೂ ಒಂದು ವಿವೇಕವಿದೆ. ಕೊಂಬೆ ಕತ್ತರಿಸಿ ನೆಟ್ಟರೆ ತಾಯಿಗಿಡಕ್ಕೆ ಗಾಯ, ಹುಟ್ಟುವ ಗಿಡಗಳೆಲ್ಲ ಒಂದೇ ಗುಣದವು. ತುಳಸಿಯ ತೆನೆ ಗಿಡದಲ್ಲಿಯೇ ಒಣಗಿ ಕಂದಾದ ಬಳಿಕ ಅಂಗೈಯಲ್ಲಿ ಉಜ್ಜಿದರೆ ಬೀಜ ಉದುರುತ್ತದೆ. ಜರಡಿಯಾಡಿದ ಮಣ್ಣಿನ ಮೇಲೆ ಚೆಲ್ಲಿ, ತೆಳುವಾಗಿ ಮಣ್ಣು ಮುಸುಕಿ, ನೀರು ಚಿಮುಕಿಸುತ್ತಿದ್ದರೆ ಒಂದೆರಡು ವಾರಗಳಲ್ಲಿ ಮೊಳೆಯುತ್ತದೆ. ನಾಲ್ಕಾರು ಎಲೆ ಬಂದ ಸಸಿಯನ್ನು ಕಿತ್ತು ನೆಡಬಹುದು. ಲಕ್ಕಿಯ ಬೀಜದ ಚಿಪ್ಪು ಗಟ್ಟಿ. ಅದಕ್ಕೆ ಹೆಚ್ಚು ತಾಳ್ಮೆ ಬೇಕು. ಮಲೆನಾಡಿನ ಮಳೆಯಲ್ಲಿ ತೆರೆದ ಮಡಿಗೆ ಬಿತ್ತಿದರೆ ಬೀಜ ಕೊಚ್ಚಿಹೋಗುತ್ತದೆ, ಎಳೆಯ ಸಸಿ ಕೊಳೆಯುತ್ತದೆ. ಚಾತುರ್ಮಾಸದಲ್ಲಿ ನೆಲ ಕದಡಬಾರದೆಂಬ ಧರ್ಮದೃಷ್ಟಿಯೂ ತೋಟಗಾರನ ಅನುಭವವೂ ಇಲ್ಲಿ ಒಂದಾಗುತ್ತವೆ. ಒಂಟಿಯಾಗಿ ಬದುಕುವ ಎಷ್ಟೋ ಜಾತಿಯ ಜೇನುಗಳು ನೆಲದೊಳಗೆ ಗೂಡು ಮಾಡುವುದರಿಂದ ಅಂಗಳದ ಒಂದು ಭಾಗವನ್ನು ಅಗೆಯದೆ ಬಿಡುವುದು ಲೇಸು. ಹೂಬಿಟ್ಟ ಗಿಡಕ್ಕೆ ಕೀಟನಾಶಕ ಸಿಂಪಡಿಸುವುದಂತೂ ಅತಿಥಿಯನ್ನು ಕರೆದು ವಿಷವಿಕ್ಕಿದಂತೆ.

ನಿಜವಾದ ಪರೀಕ್ಷೆ ಗಿಡ ಹೂಬಿಟ್ಟ ಮೇಲೆ ಬರುತ್ತದೆ. ಎಲೆ ದಟ್ಟವಾಗಲೆಂದು ತುಳಸಿಯ ತೆನೆಗಳನ್ನು ಚಿವುಟುವುದುಂಟು. ಪೂಜೆಗೆಂದು ಅಂಗಳದ ಹೂವನ್ನೆಲ್ಲ ಬೆಳಗಾಗುವುದರೊಳಗೆ ಕೊಯ್ಯುವುದೂ ಉಂಟು. ಆಗ ತೋಟವಿದ್ದೂ ನೊಣಕ್ಕೆ ಬರಿಗೈ. ಭಕ್ತಿಗೆ ಹೂವಿನ ರಾಶಿ ಅನಿವಾರ್ಯವಲ್ಲ. ಕೇಸರಿ ಲೇಪಿಸಿದ ಅಕ್ಕಿಯನ್ನೇ ಪುಷ್ಪವೆಂದು ಅರ್ಪಿಸುವ ಪದ್ಧತಿಯೂ ಜೈನರಲ್ಲಿದೆ. ಹೂವಿನಿಂದಲೇ ಅರ್ಚಿಸುವವರು ಅಲ್ಪವನ್ನು ಕೊಯ್ದು ಉಳಿದುದನ್ನು ಗಿಡದಲ್ಲಿ ಬಿಟ್ಟರೆ ಪೂಜೆಗೆ ಕೊರತೆಯಾಗದು.

ಮುನಿಗಳ ಆಹಾರಚರ್ಯೆಗೆ ಭ್ರಾಮರೀ ವೃತ್ತಿಯೆಂಬ ಹೆಸರಿದೆ. ದುಂಬಿಯು ಹೂವನ್ನು ನೋಯಿಸದೆ ಮಕರಂದ ಹೀರುವಂತೆ ಅವರು ದಾತೃವಿಗೆ ಭಾರವಾಗದೆ ಆಹಾರ ಸ್ವೀಕರಿಸುತ್ತಾರೆ. ಆ ಉಪಮೆಯಲ್ಲಿ ಶ್ರಾವಕನಿಗೆ ಸಿಕ್ಕಿರುವುದು ಹೂವಿನ ಸ್ಥಾನ. ಮುನಿಗಳಿಗೆ ಬಾಗಿಲು ತೆರೆದು ನಿಲ್ಲುವ ಗೃಹಸ್ಥನು, ಆ ಉಪಮೆಯನ್ನು ಕಲಿಸಿದ ಕಿರುಜೀವಿಗೂ ತನ್ನ ಅಂಗಳದಲ್ಲಿ ನಾಲ್ಕು ತೆನೆ ಉಳಿಸಿದರೆ, ಅವನ ಮಧುತ್ಯಾಗ ಜೀವದಯೆಯಾಗಿ ಪೂರ್ಣಗೊಳ್ಳುತ್ತದೆ.