ಉರುಳಿಸಿದ ಮರಗಳ ಬೇಲಿ

ನಮ್ಮ ನಾಡಿನ ರೈತನು ಹೊಲದ ಅಂಚಿಗೆ ಜಾಲಿಯ ಕೊಂಬೆಗಳನ್ನು ಕಡಿದು ತಂದು, ಬುಡವನ್ನು ಒಳಕ್ಕೂ ಮುಳ್ಳಿನ ತುದಿಯನ್ನು ಹೊರಕ್ಕೂ ಮಾಡಿ ಒಡ್ಡುವುದನ್ನು ನೀವು ಕಂಡಿರಬಹುದು. ಮೇಯಲು ಬರುವ ದನಕ್ಕೆ ಅದೊಂದು ಎಚ್ಚರಿಕೆ. ಅದು ಯಾರನ್ನೂ ಬೆನ್ನಟ್ಟಿ ಹೋಗುವುದಿಲ್ಲ. ಇದೇ ಉಪಾಯವನ್ನು ಸೇನೆಗಳು ಬಹಳ ಹಿಂದಿನಿಂದಲೂ ಬಲ್ಲವು. ಕಾಡಿನ ಮರಗಳನ್ನು ಕಡಿದು, ರೆಂಬೆಗಳ ತಲೆಯು ಶತ್ರುವಿನ ಕಡೆಗಿರುವಂತೆ ಸಾಲಾಗಿ ಉರುಳಿಸಿ, ತುದಿಗಳನ್ನು ಚೂಪು ಮಾಡಿಡುವುದು. ಫ್ರೆಂಚರು ಇದನ್ನು 'ಅಬಾಟಿ' ಎಂದರು. ಕೆಡವಿದ್ದು ಎಂದಷ್ಟೇ ಅದರ ಅರ್ಥ. 1834ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಪಡೆಗಳು ಕೊಡಗನ್ನು ಹೊಕ್ಕಾಗ ಕಾಡುದಾರಿಗಳಲ್ಲಿ ಅವರಿಗೆ ಎದುರಾದ ತಡೆಗಳಲ್ಲಿಯೂ ಹೀಗೆ ಕೆಡವಿದ ಮರಗಳಿದ್ದವು.

ಪ್ರಿಯ ವಾಚಕರೇ, ಇದು ಯುದ್ಧಶಾಸ್ತ್ರದ ಸಣ್ಣ ಸಂಗತಿ, ನಮಗೇಕೆ ಎನ್ನಬೇಡಿ. ಆಯುಧಗಳಲ್ಲೆಲ್ಲ ಅತ್ಯಂತ ನಿರಪರಾಧಿಯಾಗಿ ತೋರುವ ಆಯುಧವಿದು. ಕತ್ತಿ ಇರಿಯುತ್ತದೆ, ಗುಂಡು ಸೀಳುತ್ತದೆ; ಬಿದ್ದ ಮರವಾದರೋ ಬಿದ್ದಲ್ಲೇ ಇರುತ್ತದೆ. 'ನಾನು ಹೊಡೆಯಲಿಲ್ಲ, ಬರಬೇಡವೆಂದು ತಡೆದೆನಷ್ಟೇ' ಎಂದು ಹೇಳುವ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆಲ್ಲಿ ಸಿಕ್ಕೀತು? ಆ ಮಾತು ಎಷ್ಟರಮಟ್ಟಿಗೆ ನಿಜ ಎಂಬುದೇ ಪ್ರಶ್ನೆ.

1758ರ ಜುಲೈ 8ರಂದು ಉತ್ತರ ಅಮೆರಿಕದ ಕಾರಿಲೋನ್ ಕೋಟೆಯ ಮುಂದೆ ನಡೆದುದನ್ನು ನೋಡಿ. ಈಗ ಆ ಕೋಟೆಯನ್ನು ಟೈಕಾಂಡರೋಗಾ ಎನ್ನುತ್ತಾರೆ. ಫ್ರೆಂಚ್ ಸೇನಾಪತಿ ಮಾಂಟ್‌ಕಾಮನ ಬಳಿ ಇದ್ದವರು ಸುಮಾರು 3,600 ಮಂದಿ. ಬರುತ್ತಿದ್ದ ಬ್ರಿಟಿಷ್ ಸೇನಾಪತಿ ಅಬರ್‌ಕ್ರಾಂಬಿಯ ಬಳಿ ಸುಮಾರು 16,000 ಮಂದಿ. ಹಿಂದಿನ ದಿನವೇ ಫ್ರೆಂಚರು ಕೊಡಲಿ ಹಿಡಿದು ಕೋಟೆಯ ಮುಂದಿನ ದಿಬ್ಬದ ಮೇಲೆ ದಿಮ್ಮಿಗಳ ಗೋಡೆಯನ್ನು ಕಟ್ಟಿದರು. ಅದರ ಮುಂದಿನ ಇಳಿಜಾರಿನ ಮರಗಳನ್ನೆಲ್ಲ ಕೊಂಬೆ ಹೊರಮುಖವಾಗಿ ಕೆಡವಿದರು. ಅಧಿಕಾರಿಗಳೂ ಸೈನಿಕರೂ ಒಟ್ಟಿಗೆ ದುಡಿದ ಒಂದು ದಿನದ ಕೆಲಸ. ಅಬರ್‌ಕ್ರಾಂಬಿಯಾದರೋ ತನ್ನ ಫಿರಂಗಿಗಳನ್ನು ಹಿಂದೆಯೇ ಬಿಟ್ಟು, ನೇರವಾಗಿ ನುಗ್ಗುವಂತೆ ಆಜ್ಞೆ ಮಾಡಿದನು. ಮಧ್ಯಾಹ್ನದಿಂದ ಸಂಜೆಯವರೆಗೆ ದಂಡಿನ ಮೇಲೆ ದಂಡು ಆ ಕೊಂಬೆಗಳೊಳಗೆ ಹೊಕ್ಕಿತು. ಬಟ್ಟೆ ಸಿಕ್ಕಿಕೊಂಡು, ಕಾಲು ತೊಡರಿ, ಸಾಲು ಚದುರಿ ನಿಂತವರ ಮೇಲೆ ಗೋಡೆಯ ಹಿಂದಿನಿಂದ ಗುಂಡಿನ ಮಳೆ ಸುರಿಯಿತು. ಬ್ರಿಟಿಷರ ಕಡೆ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 2,000; ಫ್ರೆಂಚರ ಕಡೆ ಸುಮಾರು 400. 'ಬ್ಲ್ಯಾಕ್ ವಾಚ್' ಎಂಬ ಸ್ಕಾಟಿಷ್ ಪಡೆಯು ಅರ್ಧಕ್ಕಿಂತಲೂ ಹೆಚ್ಚು ಜನರನ್ನು ಕಳೆದುಕೊಂಡಿತು. ಮರುವರ್ಷವೇ, ಅಂದರೆ 1759ರಲ್ಲಿ, ಫ್ರೆಂಚರು ಕೋಟೆಯನ್ನು ಬಿಟ್ಟು ಹಿಂದೆ ಸರಿದರು.

ಮರವು ಕೊಲ್ಲಲಿಲ್ಲ, ನಿಜ. ಆದರೆ ಕೊಲ್ಲುವವನ ಕೈಗೆ ಬೇಕಾದಷ್ಟು ಹೊತ್ತು ಮನುಷ್ಯನನ್ನು ಹಿಡಿದುಕೊಟ್ಟಿತು. ತಡೆಯ ಹಿಂದೆ ಬಂದೂಕು ಇಲ್ಲದಿದ್ದರೆ ಅದು ತಡೆಯೇ ಅಲ್ಲ. ತುಸು ಹೊತ್ತಿನಲ್ಲಿ ಅದನ್ನು ಕಡಿದು ಸರಿಸಬಹುದು. ಆದುದರಿಂದ 'ತಡೆದೆನಷ್ಟೇ' ಎಂಬ ಮಾತನ್ನು ನಾನು ಒಪ್ಪಲಾರೆ. ಹಾಗೆಂದು ಪಾಪದ ಭಾರವನ್ನೆಲ್ಲ ಬೇಲಿ ಹಾಕಿದವನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಆ ಕೊಂಬೆಗಳು ಹಗಲಿನಲ್ಲಿ ಎಲ್ಲರಿಗೂ ಕಾಣುವಂತಿದ್ದವು. ಹಿಂದಿರುಗಲು, ಕಾಯಲು, ಬಳಸಿಕೊಂಡು ಹೋಗಲು ಅವಕಾಶವಿತ್ತು. ತನ್ನ ಜನರನ್ನು ಮತ್ತೆ ಮತ್ತೆ ಅದರೊಳಕ್ಕೆ ದೂಡಿದವನು ಕೇಳಿಸಿಕೊಳ್ಳಬೇಕಾದ ಮಾತು ಬೇರೆಯೇ ಇದೆ.

ಕಾಣುವಂತಿರುವುದು ಎಂಬ ಈ ಗುಣವು ಸಣ್ಣದಲ್ಲ. ನೆಲಬಾಂಬಿಗೆ ಅದಿಲ್ಲ, ಅದು ಅಡಗಿರುತ್ತದೆ, ಸೈನಿಕನನ್ನೂ ಸೌದೆಗೆ ಬಂದ ಮಗುವನ್ನೂ ಬೇರ್ಪಡಿಸಿ ನೋಡುವುದಿಲ್ಲ, ಯುದ್ಧ ಮುಗಿದರೂ ಮುಗಿಯುವುದಿಲ್ಲ. 1997ರ ಒಟ್ಟಾವಾ ಒಪ್ಪಂದವು ಅದನ್ನು ನಿಷೇಧಿಸಲು ಹೊರಟದ್ದು ಇದೇ ಕಾರಣಕ್ಕಾಗಿ. ಕೆಡವಿದ ಮರವಾದರೋ ಕೆಲವು ಮಳೆಗಾಲಗಳಲ್ಲಿ ಕೊಳೆತು ಮಣ್ಣಾಗುತ್ತದೆ. ಆದರೆ 1944ರಲ್ಲಿ ಜರ್ಮನಿಯ ಹ್ಯುರ್ಟ್‌ಗೆನ್ ಕಾಡಿನಲ್ಲಿ ಉರುಳಿಸಿದ ಮರಗಳ ನಡುವೆಯೇ ಸ್ಫೋಟಕಗಳನ್ನು ಹೂತಿಟ್ಟರು. ಅಲ್ಲಿಗೆ ಆ ಹಳೆಯ ಬೇಲಿಯ ಪ್ರಾಮಾಣಿಕತೆಯೂ ಹೋಯಿತು.

ಇಷ್ಟು ಹೊತ್ತು ನಾವು ಇಬ್ಬರ ಮಾತನ್ನೇ ಆಡಿದೆವು: ತಡೆಯುವವನು, ನುಗ್ಗುವವನು. ಮೂರನೆಯವನೊಬ್ಬನಿದ್ದಾನೆ, ಮರ. ಧರ್ಮೋಪದೇಶಕಾಂಡದ ಇಪ್ಪತ್ತನೆಯ ಅಧ್ಯಾಯವು ಯುದ್ಧದ ನಿಯಮಗಳನ್ನು ಹೇಳುತ್ತಾ ಹೋಗಿ, ಕೊನೆಗೆ ಅನಿರೀಕ್ಷಿತವಾಗಿ ಮರದ ಮುಂದೆ ನಿಲ್ಲುತ್ತದೆ. ಪಟ್ಟಣವನ್ನು ಮುತ್ತುವಾಗ ಹಣ್ಣಿನ ಮರಕ್ಕೆ ಕೊಡಲಿ ಹಾಕಕೂಡದು. ಫಲ ಕೊಡದ ಮರವನ್ನು ಮಾತ್ರ ಮುತ್ತಿಗೆಯ ಕೆಲಸಕ್ಕೆ ಕಡಿಯಬಹುದು. ಹೊಲದ ಮರವೇನು ನಿನ್ನಿಂದ ಮುತ್ತಿಗೆಗೆ ಒಳಗಾಗಬೇಕಾದ ಮನುಷ್ಯನೋ ಎಂಬ ಅರ್ಥದ ಪ್ರಶ್ನೆಯೊಂದು ಅಲ್ಲಿದೆ. ಯೆಹೂದಿ ಗುರುಗಳು ಈ ಎರಡೇ ವಚನಗಳಿಂದ, ಅನಾವಶ್ಯಕವಾಗಿ ಏನನ್ನೂ ಹಾಳುಮಾಡಬಾರದೆಂಬ ದೊಡ್ಡ ನಿಯಮವೊಂದನ್ನು ಬೆಳೆಸಿದರು. ಅನುಮತಿಯೂ ಅಲ್ಲಿದೆ, ಮಿತಿಯೂ ಇದೆ ಎಂಬುದನ್ನು ಮರೆಯದಿರೋಣ. ಕಡಿಯಲೇಬೇಡ ಎನ್ನಲಿಲ್ಲ, ಕಡಿಯುವ ಮುನ್ನ ಇದು ಯಾವ ಮರವೆಂದು ನೋಡು ಎಂದಿತು.

ಅದನ್ನು ನೋಡದೆ ಹೋದರೆ ಏನಾಗುತ್ತದೆಂಬುದನ್ನು ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ಕ್ರಿ.ಶ. 70ರಲ್ಲಿ ತೀತನ ರೋಮನ್ ಸೇನೆಯು ಜೆರುಸಲೇಮಿನ ಮುತ್ತಿಗೆಯ ದಿಬ್ಬಗಳಿಗಾಗಿ ಸುತ್ತಲಿನ 90 ಸ್ಟೇಡಿಯ, ಎಂದರೆ ಸುಮಾರು 16 ಕಿಲೋಮೀಟರುಗಳವರೆಗಿನ ಮರಗಳನ್ನೆಲ್ಲ ಕಡಿಯಿತು. ತೋಟಗಳಿದ್ದ ಜಾಗ ಬರಡಾಯಿತು. ಹಿಂದೆ ಆ ಊರನ್ನು ಕಂಡವನು ಮತ್ತೆ ಬಂದರೆ ಗುರುತಿಸಲಾರದಂತಾಯಿತು ಎನ್ನುತ್ತಾನೆ ಅವನು.

ಇದಕ್ಕೆ ತೀರ ವಿರುದ್ಧವಾದ ಕಥೆಯೊಂದು ರಷ್ಯಾದಲ್ಲಿದೆ. ನನ್ನನ್ನು ಹೆಚ್ಚು ಕಾಡುವುದು ಅದೇ. ಹದಿನಾರನೆಯ ಶತಮಾನದಲ್ಲಿ ಕ್ರಿಮಿಯಾದ ತಾತಾರರ ಕುದುರೆ ದಂಡುಗಳು ಉತ್ತರಕ್ಕೆ ನುಗ್ಗಿ ಹಳ್ಳಿಗರನ್ನು ಹಿಡಿದೊಯ್ದು ಕಾಫಾ ಪೇಟೆಯ ಗುಲಾಮರ ಸಂತೆಯಲ್ಲಿ ಮಾರುತ್ತಿದ್ದರು. ಅವರನ್ನು ತಡೆಯಲು ಮಾಸ್ಕೋದ ಅರಸರು ತಮ್ಮ ದಕ್ಷಿಣದ ಕಾಡುಗಳ ಉದ್ದಕ್ಕೂ ಮರಗಳನ್ನು ಕೆಡವಿ, ನೂರಾರು ಕಿಲೋಮೀಟರು ಉದ್ದದ ತಡೆಯ ಸಾಲನ್ನು ನಿರ್ಮಿಸಿದರು. ಅದಕ್ಕೆ 'ಝಸೇಕಾ' ಎಂದು ಹೆಸರು. ಮೋಟನ್ನು ಆಳೆತ್ತರಕ್ಕೆ ಬಿಟ್ಟು, ಕಾಂಡವು ಅದಕ್ಕೆ ಅಂಟಿಕೊಂಡೇ ಇರುವಂತೆ ತಲೆಯನ್ನು ದಕ್ಷಿಣಕ್ಕೆ ಕೆಡವುವುದು ಅಲ್ಲಿನ ಪದ್ಧತಿ. ಕುದುರೆ ದಾಟಲಾರದು. ಈ ಬೇಲಿ ನಿಲ್ಲಬೇಕಾದರೆ ಸುತ್ತಲ ಕಾಡೂ ನಿಲ್ಲಬೇಕಷ್ಟೆ. ಆದುದರಿಂದ ಅಲ್ಲಿ ಮರ ಕಡಿಯುವುದನ್ನೇ ನಿಷೇಧಿಸಿ ಕಾವಲು ಹಾಕಿದರು. ಸಾಲಿನ ಖರ್ಚಿಗೆ ತೆರಿಗೆ ಕೊಟ್ಟವರು ರೈತರು. ತಮ್ಮದೇ ಊರ ಪಕ್ಕದ ಕಾಡಿನಿಂದ ದೂರವಿರಬೇಕಾದವರೂ ಅವರೇ. ಇಷ್ಟಾಗಿಯೂ 1571ರಲ್ಲಿ ದೌಲತ್ ಗಿರಾಯ್ ಖಾನನು ಕಾವಲನ್ನು ತಪ್ಪಿಸಿ ಬಂದು ಮಾಸ್ಕೋವನ್ನು ಸುಟ್ಟನು. ದಾರಿ ತೋರಿಸಿದವರು ಒಳಗಿನಿಂದಲೇ ಓಡಿಹೋದವರು.

ಗಡಿಯು ದಕ್ಷಿಣಕ್ಕೆ ಸರಿದ ಮೇಲೆ ಬೇಲಿಗೆ ಕೆಲಸವಿಲ್ಲದೆ ಹೋಯಿತು. ಕಾಡು ಮಾತ್ರ ಉಳಿಯಿತು. ತೂಲಾ ಪ್ರಾಂತದಲ್ಲಿ ಅದರ ತುಂಡುಗಳು ಇಂದಿಗೂ ಇವೆ. ಕಲೂಗಾ ಪ್ರಾಂತದ ಇನ್ನೊಂದು ಭಾಗ 1992ರಲ್ಲಿ 'ಕಲೂಗಾ ಝಸೇಕಿ' ಎಂಬ ರಕ್ಷಿತಾರಣ್ಯವಾಯಿತು. ಹಳೆಯ ಓಕ್ ಮರಗಳ ಕೆಳಗೆ ಈಗ ಕಾಡುಕೋಣದ ಜಾತಿಯ ಬೈಸನ್‌ಗಳು ಅಡ್ಡಾಡುತ್ತವೆ. ಆ ಕಾಡನ್ನು ಉಳಿಸಿದ್ದು ಮರದ ಮೇಲಿನ ಪ್ರೀತಿಯಲ್ಲ, ಮನುಷ್ಯನ ಭಯ.

ತೂಲಾದ ಆ ಕಾಡಿನ ಅಂಚಿನಲ್ಲಿಯೇ ಯಾಸ್ನಾಯಾ ಪೊಲ್ಯಾನಾ ಇದೆ. 1828ರಲ್ಲಿ ಟಾಲ್‌ಸ್ಟಾಯ್ ಹುಟ್ಟಿದ್ದು ಅಲ್ಲಿ. 1910ರಲ್ಲಿ ಅವರನ್ನು ಹೂತದ್ದೂ ಅಲ್ಲಿಯೇ, ಮರಗಳ ನಡುವೆ. ಕೇಡನ್ನು ಬಲದಿಂದ ಎದುರಿಸಲೇ ಬಾರದೆಂದು ಬರೆದವರು ಅವರು; ಆ ಬರಹವನ್ನೋದಿ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ ಬೆರಗಾದರು. ಬೇಲಿಗೂ ಒಪ್ಪದ ಮನುಷ್ಯನು ಬೇಲಿಯ ಕಾಡಿನ ಮಗ್ಗುಲಲ್ಲಿ ಬದುಕಿದನು! ಅವರ ಮಾತನ್ನು ಪೂರ್ಣವಾಗಿ ಒಪ್ಪಲು ನನಗೆ ಇಂದಿಗೂ ಸಾಧ್ಯವಾಗಿಲ್ಲ. ಕಾಫಾದ ಸಂತೆಗೆ ಹೋಗದೆ ಉಳಿದ ತಾಯಿಮಕ್ಕಳು ನನ್ನ ಕಣ್ಣ ಮುಂದೆ ಬರುತ್ತಾರೆ. ಅವರಿಗೆ ಆ ಕೆಡವಿದ ಓಕ್ ಮರ ಬೇಕಾಗಿತ್ತು. ಆದರೆ ಸುಖಾಸನದಲ್ಲಿ ಕುಳಿತವನ ಉಪದೇಶವೆಂದು ಅದನ್ನು ತಳ್ಳಿಹಾಕಲೂ ಆಗದು. 1854-55ರಲ್ಲಿ ಸೆವಾಸ್ಟೊಪೋಲ್ ನಗರಕ್ಕೆ ಮುತ್ತಿಗೆ ಬಿದ್ದಾಗ, ಆಗಿನ್ನೂ ಇಪ್ಪತ್ತಾರರ ಆ ಫಿರಂಗಿದಳದ ಅಧಿಕಾರಿ ನಿಂತಿದ್ದುದು ಬೇಲಿಯ ಒಳಬದಿಯಲ್ಲಿ, ತಡೆಯುವವರ ಜೊತೆಯಲ್ಲಿ.